ಅಳೆಯುವ ಸೇರು ಒಂದೇ ಇರಲಿ



ತೌರಾತ್, ಝಬೂರ್, ಇಂಜೀಲ್ ಮತ್ತು ಕುರ್‌ಆನ್ ಅಲ್ಲಾಹನ ಗ್ರಂಥಗಳೆಂದು ನಂಬುವುದು ನಮ್ಮ ಈಮಾನ್‌ನ ಭಾಗ. ಈಸಾ(ಅ)ರಿಗೆ ಇಂಜೀಲ್ ನೀಡಲಾಯಿತು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಇಂದು ಕ್ರೈಸ್ತರ ಕೈಯಲ್ಲಿರುವ ಹೊಸ ಒಡಂಬಡಿಕೆಯನ್ನು ಯಾರು ಬರೆದರು, ಯಾವಾಗ ಬರೆದರು ಎಂಬುದು ಇತಿಹಾಸದ ಪ್ರಶ್ನೆ. ಈ ವಿಷಯದಲ್ಲಿ ಅರ್ಧ ನಿಜ, ಅರ್ಧ ಕಟ್ಟುಕಥೆಯ ವಿಡಿಯೋಗಳು ನಮ್ಮ ಯುವಕರ ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. ಆದ್ದರಿಂದ ವಿದ್ವಾಂಸರು ಕಂಡುಕೊಂಡದ್ದನ್ನು ಕ್ರಮವಾಗಿ ನೋಡೋಣ.

ಹೊಸ ಒಡಂಬಡಿಕೆ ಒಬ್ಬರು ಬರೆದ ಒಂದು ಪುಸ್ತಕವಲ್ಲ. ಅದು ಗ್ರೀಕ್ ಭಾಷೆಯ 27 ಬರಹಗಳ ಸಂಗ್ರಹ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳು ಅದರಲ್ಲಿ ಮೊದಲು ಬರುತ್ತವೆ. ಆದರೆ ಮೊದಲು ಬರೆಯಲ್ಪಟ್ಟವು ಅವಲ್ಲ, ಪೌಲರ ಪತ್ರಗಳು. ಪೌಲರ ಹೆಸರಿನಲ್ಲಿ 13 ಪತ್ರಗಳಿವೆ. ರೋಮಾಪುರದವರಿಗೆ, ಕೊರಿಂಥದವರಿಗೆ, ಗಲಾತ್ಯದವರಿಗೆ ಬರೆದವೂ ಸೇರಿದಂತೆ ಏಳು ಪತ್ರಗಳು ಅವರವೇ ಎಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅವು ಸುಮಾರು ಕ್ರಿ.ಶ. 50ರಿಂದ 60ರ ನಡುವಿನವು. ಉಳಿದವುಗಳಲ್ಲಿ, ವಿಶೇಷವಾಗಿ ತಿಮೊಥೆಯನಿಗೂ ತೀತನಿಗೂ ಬರೆದವುಗಳನ್ನು, ನಂತರದವರು ಅವರ ಹೆಸರಿನಲ್ಲಿ ಬರೆದರೆಂದು ಹೆಚ್ಚಿನವರು ಭಾವಿಸುತ್ತಾರೆ. ಈಸಾ(ಅ)ರು ಜನರ ನಡುವೆ ಬೋಧಿಸುತ್ತಿದ್ದ ಕಾಲದಲ್ಲಿ ಪೌಲರು ಅವರ ಶಿಷ್ಯರಾಗಿರಲಿಲ್ಲ ಎಂಬುದೂ ಗಮನಾರ್ಹ.

ಇನ್ನು ಸುವಾರ್ತೆಗಳು. ಈಸಾ(ಅ)ರ ಬೋಧನೆಯ ಕಾಲ ಕ್ರಿ.ಶ. 30ರ ಆಸುಪಾಸು. ಮಾರ್ಕನ ಸುವಾರ್ತೆ ಕ್ರಿ.ಶ. 70ರ ಸುಮಾರಿನದು ಎಂಬುದು ಹೆಚ್ಚಿನವರ ಅಭಿಪ್ರಾಯ. ಅದೇ ವರ್ಷ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಆ ನಾಶದ ಮಾತು ಮಾರ್ಕನಲ್ಲಿ ಬರುವುದರಿಂದ ಈ ಕಾಲವನ್ನು ಊಹಿಸಲಾಗಿದೆ. ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಮತ್ತಾಯ ಮತ್ತು ಲೂಕ ಕ್ರಿ.ಶ. 80ರ ನಂತರದವು, ಯೋಹಾನ 90ರ ನಂತರದ್ದು ಎನ್ನುತ್ತಾರೆ.

ನಾಲ್ಕು ಸುವಾರ್ತೆಗಳ ಒಳಗೆ ಎಲ್ಲಿಯೂ ಲೇಖಕ ತನ್ನ ಹೆಸರು ಹೇಳಿಲ್ಲ. ಇಂದಿನ ನಾಲ್ಕೂ ಹೆಸರುಗಳನ್ನು ಒಟ್ಟಿಗೆ ಸ್ಪಷ್ಟವಾಗಿ ಹೇಳಿದವರು ಲಿಯೋನ್ ನಗರದ ಬಿಷಪ್ ಐರೇನಿಯಸ್, ಅದೂ ಕ್ರಿ.ಶ. 180ರ ಸುಮಾರಿಗೆ. ಮಾರ್ಕನ ಬಹುಪಾಲು ವಚನಗಳು ಮತ್ತಾಯನಲ್ಲೂ ಇವೆ, ಹಲವೆಡೆ ಪದಕ್ಕೆ ಪದ. ಶಿಷ್ಯರಾಗಿದ್ದ ಮತ್ತಾಯರೇ ಅದನ್ನು ಬರೆದಿದ್ದರೆ, ಶಿಷ್ಯರಲ್ಲದ ಒಬ್ಬರ ಬರಹವನ್ನು ಅವರು ಅಷ್ಟೊಂದು ಅವಲಂಬಿಸಿದ್ದೇಕೆ ಎಂದು ವಿದ್ವಾಂಸರು ಕೇಳುತ್ತಾರೆ. ಲೂಕನ ಲೇಖಕರಂತೂ ತಾವು ಪ್ರತ್ಯಕ್ಷದರ್ಶಿಯಲ್ಲ, ಕಂಡವರಿಂದ ಬಂದದ್ದನ್ನು ವಿಚಾರಿಸಿ ಬರೆಯುತ್ತಿದ್ದೇನೆ ಎಂದು ಆರಂಭದಲ್ಲೇ ತಿಳಿಸುತ್ತಾರೆ.

ಹಸ್ತಪ್ರತಿಗಳ ಕಥೆಯೂ ಇದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪಪೈರಸ್ ಚೂರೊಂದಿದೆ. ಈಜಿಪ್ಟಿನಿಂದ ಬಂದ ಅದನ್ನು 1935ರಲ್ಲಿ ಪ್ರಕಟಿಸಲಾಯಿತು. ಅದರಲ್ಲಿರುವುದು ಯೋಹಾನನ ಕೆಲವೇ ಸಾಲುಗಳು, ಕಾಲ ಎರಡನೇ ಶತಮಾನ ಎಂದು ಅಂದಾಜು. ಪೂರ್ಣ ಹೊಸ ಒಡಂಬಡಿಕೆ ಸಿಗುವುದು ನಾಲ್ಕನೇ ಶತಮಾನದ ಸಿನಾಯ್ ಪ್ರತಿಯಲ್ಲಿ. ಮಾರ್ಕನ ಕೊನೆಯ 12 ವಚನಗಳು ಅದರಲ್ಲೂ ಇಲ್ಲ, ಅದೇ ಕಾಲದ ವ್ಯಾಟಿಕನ್ ಪ್ರತಿಯಲ್ಲೂ ಇಲ್ಲ. ಇದನ್ನು ಕಂಡುಹಿಡಿದು ಲೋಕಕ್ಕೆ ತಿಳಿಸಿದವರಲ್ಲಿ ಹೆಚ್ಚಿನವರು ಕ್ರೈಸ್ತ ವಿದ್ವಾಂಸರೇ. ಇಂದಿನ ಹಲವು ಬೈಬಲ್ ಮುದ್ರಣಗಳು ಅದನ್ನು ಅಡಿಟಿಪ್ಪಣಿಯಲ್ಲಿ ಹೇಳುತ್ತವೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕ್ರಿ.ಶ. 325ರ ನೈಸಿಯಾ ಸಭೆಯಲ್ಲಿ ಮತ ಹಾಕಿ ಬೈಬಲನ್ನು ರಚಿಸಲಾಯಿತು ಎಂದು ನಮ್ಮವರು ಹೇಳುವುದುಂಟು. ಅದು ಸತ್ಯವಲ್ಲ. ಆ ಸಭೆಯ ಮುಖ್ಯ ಚರ್ಚೆ ಈಸಾ(ಅ)ರ ಸ್ಥಾನದ ಕುರಿತು ಏರಿಯಸ್ ಎತ್ತಿದ ವಿವಾದ. ಸಭೆಯ ನಿಯಮಗಳಲ್ಲಿ ಗ್ರಂಥಗಳ ಪಟ್ಟಿಯೇ ಇಲ್ಲ. ಇಂದಿನ 27 ಬರಹಗಳ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿದೆ. ಹಾಗೆಯೇ, ತಡವಾಗಿ ಬರೆದದ್ದೆಲ್ಲ ಸುಳ್ಳು ಎನ್ನುವುದೂ ಸರಿಯಲ್ಲ. ಇಮಾಮ್ ಬುಖಾರಿ(ರ)ಯವರು ವಫಾತಾದದ್ದು ಹಿಜರಿ 256ರಲ್ಲಿ, ಪ್ರವಾದಿ(ಸ)ಯವರ ನಂತರ ಎರಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ತಡವಾಯಿತೆಂದು ಯಾರಾದರೂ ಹದೀಸನ್ನು ತಳ್ಳಿಹಾಕಿದರೆ, ಯಾರು ಯಾರಿಂದ ಕೇಳಿದರು ಎಂಬ ಸನದ್ ಇದೆಯಲ್ಲ ಎಂದು ನಾವು ಉತ್ತರಿಸುತ್ತೇವೆ. ಹಾಗಿದ್ದರೆ ಸುವಾರ್ತೆಗಳಿಗೂ ಕೇಳಬೇಕಾದ ಪ್ರಶ್ನೆ ಎಷ್ಟು ತಡ ಎಂಬುದಷ್ಟೇ ಅಲ್ಲ, ಸನದ್ ಎಲ್ಲಿ ಎಂಬುದು. ಆ ಪ್ರಶ್ನೆ ನ್ಯಾಯವಾದದ್ದು, ಏಕೆಂದರೆ ಅದನ್ನು ನಾವು ನಮಗೂ ಕೇಳಿಕೊಂಡಿದ್ದೇವೆ.

ನಮ್ಮ ಸೇರು ನೇರವಾಗಿದೆಯೇ ಎಂದು ಪರೀಕ್ಷಿಸುವ ವಿಷಯ ಬಾರ್ನಬಾಸನ ಸುವಾರ್ತೆ. ಪ್ರವಾದಿ(ಸ)ಯವರ ಹೆಸರು ಅದರಲ್ಲಿದೆ ಎಂಬ ಕಾರಣಕ್ಕೆ ಅದೇ ನಿಜವಾದ ಇಂಜೀಲ್ ಎಂದು ಅನೇಕರು ಹಂಚುತ್ತಾರೆ. ಅದರ ಇಟಾಲಿಯನ್ ಹಸ್ತಪ್ರತಿ ಇರುವುದು ವಿಯೆನ್ನಾದಲ್ಲಿ, ಅದು ಸುಮಾರು 16ನೇ ಶತಮಾನದ ಕೊನೆಯದು. 1907ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಅದರಲ್ಲಿ ಈಸಾ(ಅ)ರು ಹಡಗಿನಲ್ಲಿ ನಜರೇತಿಗೆ ಹೋಗುತ್ತಾರೆ. ನಜರೇತ್ ಇರುವುದು ಬೆಟ್ಟದ ನಡುವೆ. ಜುಬಿಲಿ ವರ್ಷ ನೂರು ವರ್ಷಕ್ಕೊಮ್ಮೆ ಬರುತ್ತದೆ ಎಂದೂ ಹೇಳುತ್ತದೆ. ತೌರಾತ್‌ನ ಪ್ರಕಾರ ಅದು 50 ವರ್ಷಕ್ಕೊಮ್ಮೆ. ನೂರರ ಲೆಕ್ಕ ಬಂದದ್ದು 1300ರಲ್ಲಿ ಪೋಪ್ ಬೋನಿಫೇಸ್ ಮಾಡಿದ ಘೋಷಣೆಯಿಂದ. ಎಲ್ಲಕ್ಕಿಂತ ಮುಖ್ಯವಾಗಿ, ಈಸಾ(ಅ)ರು ಮಸೀಹ್ ಅಲ್ಲ ಎಂದು ಆ ಪುಸ್ತಕ ಹೇಳುತ್ತದೆ. ಕುರ್‌ಆನ್ ಅವರನ್ನು ಮಸೀಹ್ ಎಂದೇ ಕರೆದಿದೆ. ಕುರ್‌ಆನ್‌ಗೆ ವಿರುದ್ಧವಾದುದನ್ನು ಕುರ್‌ಆನ್‌ನ ಪರವಾದ ಸಾಕ್ಷಿಯೆಂದು ತೋರಿಸುವುದು ಹೇಗೆ?

ನಮ್ಮ ಹದೀಸ್ ವಿದ್ವಾಂಸರ ದಾರಿ ಇದಾಗಿರಲಿಲ್ಲ. ಇಮಾಮ್ ಇಬ್ನುಲ್ ಜೌಝಿ(ರ) ಕಟ್ಟುಕಥೆಯ ಹದೀಸ್‌ಗಳನ್ನು ಹೆಕ್ಕಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಸತ್ಕರ್ಮಕ್ಕೆ ಪ್ರೇರಣೆ ಕೊಡುತ್ತದೆ ಎಂಬ ಕಾರಣಕ್ಕೆ ಸುಳ್ಳು ಹದೀಸನ್ನು ಅವರು ಉಳಿಸಿಕೊಳ್ಳಲಿಲ್ಲ. ಸತ್ಯದ ಧರ್ಮಕ್ಕೆ ಸುಳ್ಳಿನ ಊರುಗೋಲು ಬೇಡ.

ಸೂರಃ ಅಲ್ ಮುತಫ್ಫಿಫೀನ್ ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುತ್ತದೆ. ಅವರು ಪಡೆಯುವಾಗ ತುಂಬಿಸಿಕೊಳ್ಳುತ್ತಾರೆ, ಕೊಡುವಾಗ ಕಡಿಮೆ ಮಾಡುತ್ತಾರೆ. ಈ ಮೋಸ ಅಕ್ಕಿ, ಎಣ್ಣೆಯ ಅಂಗಡಿಯಲ್ಲಷ್ಟೇ ನಡೆಯುವುದಿಲ್ಲ, ವಾದ ಮಾಡುವ ನಾಲಿಗೆಯಲ್ಲೂ ನಡೆಯುತ್ತದೆ. ಗ್ರಂಥದವರೊಂದಿಗೆ ಅತ್ಯುತ್ತಮ ರೀತಿಯಲ್ಲಿ ಸಂವಾದಿಸಬೇಕೆಂದು ಕುರ್‌ಆನ್ ಆದೇಶಿಸಿದೆ. ಆದ್ದರಿಂದ ನಮ್ಮ ಮಕ್ಕಳು ಶಾಲೆಯಲ್ಲಿ, ಕಾಲೇಜಿನಲ್ಲಿ ಕ್ರೈಸ್ತ ಗೆಳೆಯರೊಂದಿಗೆ ಮಾತಾಡುವಾಗ ತಿಳಿದದ್ದನ್ನು ತಿಳಿದಷ್ಟೇ ಹೇಳಲಿ. ಅವರ ಗ್ರಂಥವನ್ನು ಹೀಯಾಳಿಸದಿರಲಿ. ಪರಿಶೀಲಿಸದ ವಿಡಿಯೋವನ್ನು ಮುಂದಕ್ಕೆ ಕಳುಹಿಸದಿರಲಿ. ಇದನ್ನು ಮಕ್ಕಳಿಗೆ ಕಲಿಸುವ ಹೊಣೆ ಮನೆಯ ಹಿರಿಯರದ್ದು.

ಸತ್ಯವನ್ನು ಸತ್ಯವಾಗಿ ಕಾಣುವ, ನ್ಯಾಯವಾಗಿ ಅಳೆಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.