ನಮ್ಮೂರ ರೈಲುಹಾದಿಯೂ ಲೋಕದ ಇತಿಹಾಸವೂ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿಯ ಕಡೆಗೆ ಹರಿಯುವುದು ಸಹಜ. ಗೋವೆಗೂ ಕನ್ನಡನಾಡಿಗೂ ಇರುವ ನಂಟನ್ನು ಹೇಳುವಾಗ ನಾವು ಕದಂಬರಿಂದ ತೊಡಗಿ, ತಾಂಬಡಿ ಸುರ್ಲೆಯ ಮಹಾದೇವನ ಗುಡಿಗೆ ಕೈಮುಗಿದು, ವಿಜಯನಗರದಲ್ಲಿ ಬಂದು ನಿಲ್ಲುತ್ತೇವೆ. ಅದು ಹೆಮ್ಮೆಯ ಮಾತೇ ಸರಿ. ಆದರೆ ಕುಡಚಡೆಯಲ್ಲಿ ದಿನವೂ ನಮ್ಮ ಕಿವಿಗೆ ಬೀಳುವ ರೈಲಿನ ಕೂಗಿನಲ್ಲಿಯೂ ಒಂದು ಇತಿಹಾಸವುಂಟು. ಸಂಘದ ಈ ವಾರ್ಷಿಕೋತ್ಸವದ ಸಮಯದಲ್ಲಿ ಅದನ್ನು ವಾಚಕರ ಮುಂದಿಡಬಯಸುತ್ತೇವೆ.

ಒಂದು ದೇಶದ ಕಥೆಯನ್ನು ಆ ದೇಶದ ಎಲ್ಲೆಯೊಳಗೇ ಹೇಳಿ ಮುಗಿಸಲಾಗದೆಂದು ಇಂದಿನ ಇತಿಹಾಸಕಾರರಲ್ಲಿ ಅನೇಕರು ಹೇಳುತ್ತಾರೆ. ಸರಕು, ಹಣ, ಜನ, ವಿಚಾರಗಳು ಗಡಿ ದಾಟಿದ ದಾರಿಯನ್ನು ಹಿಡಿದು ನಡೆಯಬೇಕು. ಒಂದೆಡೆಯ ಸಂಗತಿಯನ್ನು ಇನ್ನೊಂದೆಡೆಯದರೊಡನೆ ಹೋಲಿಸಬೇಕು. ಇದು ಅವರ ಕ್ರಮ. ಇದಕ್ಕೆ ಜಾಗತಿಕ ಇತಿಹಾಸವೆಂದು ಹೆಸರು. ಹೆಸರು ದೊಡ್ಡದಾದರೂ ಉದಾಹರಣೆ ನಮ್ಮ ಮನೆಬಾಗಿಲಲ್ಲೇ ಇದೆ.

ಧಾರವಾಡ ಸೀಮೆಯ ಎರೆಹೊಲಗಳಿಂದ ಹೊರಡೋಣ. ಅಲ್ಲಿ 1840ರ ದಶಕದಿಂದ ಅಮೆರಿಕದ ಬೀಜದ ಹತ್ತಿ ಬೇರೂರತೊಡಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿಯ ಬರ ಬಂದಿತು; ಇಲ್ಲಿಯ ಹತ್ತಿಗೆ ಬೆಲೆ ಏರಿತು. ಅದನ್ನು ಹಡಗಿಗೆ ತುಂಬಲು ಮ್ಯಾಂಚೆಸ್ಟರಿನ ವರ್ತಕರು ಕಾರವಾರದ ಮೇಲೆ ಕಣ್ಣಿಟ್ಟರು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದರೂ ಹುಬ್ಬಳ್ಳಿಯಿಂದ ಘಟ್ಟವಿಳಿದು ಕಾರವಾರಕ್ಕೆ ರೈಲು ಬರಲಿಲ್ಲ. ಮುಂದೆ 1876–78ರ ಘೋರ ಕ್ಷಾಮದಲ್ಲಿ ಕನ್ನಡನಾಡು ತತ್ತರಿಸಿದಾಗ, ಒಳನಾಡಿಗೆ ಧಾನ್ಯ ಒಯ್ಯುವ ರೈಲು ಬೇಕೆಂಬ ಮಾತಿಗೆ ಬಲ ಬಂದಿತು.

1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ತುಗೀಸರಿಗೂ ಒಪ್ಪಂದವಾಯಿತು. ಲಂಡನ್ನಿನ ಬಂಡವಾಳ, ಪೋರ್ತುಗಾಲ್ ಸರಕಾರದ ಬಡ್ಡಿಯ ಹೊಣೆ, ಇವುಗಳ ಮೇಲೆ ಮುರಗಾಂವ ಬಂದರದಿಂದ ಹೊರಟ ಹಳಿ ನಮ್ಮೂರನ್ನು ಹಾದು, ದೂಧಸಾಗರದ ಘಟ್ಟವನ್ನೇರಿ, 1888ರಲ್ಲಿ ಕ್ಯಾಸಲ್‌ರಾಕನ್ನು ಮುಟ್ಟಿ ಕನ್ನಡನಾಡಿನ ಹಳಿಯನ್ನು ಕೂಡಿತು. ಕಾರವಾರ, ಮುರಗಾಂವಗಳೆರಡೂ ಸಹಜವಾದ ಬಂದರಗಳೇ. ಒಂದಕ್ಕೆ ರೈಲು ಬಂದು ಇನ್ನೊಂದಕ್ಕೆ ಬಾರದೆ ಹೋದುದಕ್ಕೆ ಕಾರಣವನ್ನು ಕಡಲಿನಲ್ಲಿ ಮಾತ್ರ ಹುಡುಕಿದರೆ ಸಾಲದು. ಲಿಸ್ಬನ್, ಲಂಡನ್ನುಗಳಲ್ಲಿಯೂ ಹುಡುಕಬೇಕು. ಹೋಲಿಕೆಯ ಪ್ರಯೋಜನವೆಂದರೆ ಇದೇ.

ಈ ಹಳಿಗೆ ಬೆಲೆ ತೆತ್ತವರೂ ಉಂಟು. ಅದೇ ಒಪ್ಪಂದದಿಂದ ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷರ ಹತೋಟಿಗೆ ಹೋಯಿತು. ಆಗರಗಳಲ್ಲಿ ದುಡಿಯುವವರಿಗೆ ಸಂಕಟ ಒದಗಿತು. ಒಪ್ಪಂದದ ಸುಂಕದ ಏರ್ಪಾಡು 1892ರಲ್ಲಿ ಮುಗಿಯಿತು. ಹಳಿ ಮಾತ್ರ ಉಳಿಯಿತು. 1955ರಲ್ಲಿ ವಿಮೋಚನೆಯ ಹೋರಾಟದ ಕಾಲಕ್ಕೆ ಗಡಿ ಮುಚ್ಚಿ ರೈಲು ನಿಂತಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆ ಹೊಂದಿದ ತರುವಾಯ ಮುರಿದ ದಾರಿ ಮತ್ತೆ ಕೂಡಿತು.

ಹೀಗೆ ಒಂದು ನಿಲ್ದಾಣದ ಕಥೆಗೆ ಧಾರವಾಡ, ಅಮೆರಿಕ, ಮ್ಯಾಂಚೆಸ್ಟರ್, ಲಿಸ್ಬನ್ನುಗಳು ಬೇಕಾದುವು. ಅದರ ಕಾಗದಪತ್ರಗಳನ್ನು ಇಂಗ್ಲಿಷಿನಲ್ಲಿಯೂ ಪೋರ್ತುಗೀಸಿನಲ್ಲಿಯೂ ಓದಬೇಕು. ಆದರೆ ಇಷ್ಟರಿಂದಲೂ ಕಥೆ ಪೂರ್ತಿಯಾಗದು. ಒಪ್ಪಂದದಲ್ಲಿ ದೊರೆಗಳ ಹೆಸರಿದೆ. ಬುತ್ತಿ ಕಟ್ಟಿಕೊಂಡು ಘಟ್ಟವಿಳಿದ ನಮ್ಮ ಹಿರಿಯರ ಹೆಸರಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡಗಳ ಕಡೆಯಿಂದ ದುಡಿಮೆಗೆಂದು ಗೋವೆಗೆ ಬಂದವರ ವೃತ್ತಾಂತವನ್ನು ಯಾವ ದೂರದ ದಫ್ತರದಲ್ಲಿ ಹುಡುಕೋಣ? ಲೋಕವನ್ನೆಲ್ಲ ಸುತ್ತಿಬರುವ ಇತಿಹಾಸವು ಪಕ್ಕದ ಮನೆಯ ಅಜ್ಜಿಯನ್ನು ಮರೆತರೆ ಅದು ಅರ್ಧ ಇತಿಹಾಸವೇ.

ಆದುದರಿಂದ ನಮ್ಮ ಬಿನ್ನಹವಿಷ್ಟು. ಪ್ರತಿಯೊಂದು ಮನೆಯವರೂ ಒಂದು ನೋಟುಬುಕ್ಕನ್ನು ಇದಕ್ಕಾಗಿ ಮೀಸಲಿಡಲಿ. ಯಾವ ವರ್ಷ, ಯಾವ ಹಳ್ಳಿಯಿಂದ, ಏಕೆ ಬಂದೆವು. ಮೊದಲು ಏನು ಕೆಲಸ ಮಾಡಿದೆವು. ನೆರೆಯವರಿಂದ ಕೊಂಕಣಿಯ ಯಾವ ಮಾತನ್ನು ಕಲಿತೆವು ಎಂಬುದನ್ನು ಮಕ್ಕಳು ಹಿರಿಯರ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದಿಡಲಿ. ಹಳೆಯ ಪತ್ರಗಳನ್ನು ರದ್ದಿಗೆ ಹಾಕದಿರಲಿ. ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರೊಡನೆ ಹೋದ ಮಾತು ಮರಳಿ ಬಾರದು. ಇಂತಹ ನೋಟುಬುಕ್ಕುಗಳು ಸಂಘದ ಕಪಾಟಿನಲ್ಲಿ ಸೇರಿದಂದು ಕುಡಚಡೆಯ ಕನ್ನಡಿಗರೂ ಲೋಕದ ಇತಿಹಾಸದಲ್ಲಿ ತಮ್ಮ ಪುಟವನ್ನು ತಾವೇ ಬರೆದಂತಾಗುವುದು.