ಪರ್ಯಾಯ ಮೌಲ್ಯಮಾಪನ: ಉಮರ್ಗಾ, ನಿಲಂಗಾ, ಉದಗೀರ ಗಡಿಭಾಗದಲ್ಲಿ ತೀವ್ರ ಅಂಗವೈಕಲ್ಯದ ಮಕ್ಕಳ ಕಲಿಕೆಯನ್ನು ಅಳೆಯುವ ಬಗೆ

ಎಷ್ಟು ಅನುಕೂಲ ಮಾಡಿಕೊಟ್ಟರೂ ಸಾಮಾನ್ಯ ಪರೀಕ್ಷೆ ಬರೆಯಲಾಗದ ಮಗು ಏನನ್ನು, ಎಷ್ಟನ್ನು ಕಲಿತಿದೆ ಎಂದು ಬೇರೆ ದಾರಿಯಿಂದ ತಿಳಿಯುವ ಕ್ರಮಕ್ಕೆ ಪರ್ಯಾಯ ಮೌಲ್ಯಮಾಪನ ಎಂದು ಹೆಸರು. ತೀವ್ರ ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ, ಕಣ್ಣು ಕಿವಿ ಎರಡೂ ಕೈಕೊಟ್ಟಿರುವ ಸ್ಥಿತಿ, ಕೆಲವು ಮಕ್ಕಳಲ್ಲಿ ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇದರ ಅಗತ್ಯವನ್ನು ತಂದೊಡ್ಡುತ್ತವೆ. ಇದನ್ನು ಪರೀಕ್ಷಾ ರಿಯಾಯಿತಿಯೊಂದಿಗೆ ಬೆರೆಸಬಾರದು. ಕಾಣದ ವಿದ್ಯಾರ್ಥಿಗೆ ಬರೆದುಕೊಡುವವರನ್ನು ಒದಗಿಸುವುದು, ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿದಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡುವುದು ರಿಯಾಯಿತಿ. ಅಲ್ಲಿ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಪರ್ಯಾಯ ಮೌಲ್ಯಮಾಪನದಲ್ಲಿ ಆ ಪ್ರಶ್ನೆಪತ್ರಿಕೆಯೇ ಇಲ್ಲ. ಮಗು ಮಾಡಿ ತೋರಿಸುವ ಕೆಲಸ, ಚಾಚುವ ಬೆರಳು, ಹೊರಳಿಸುವ ಕಣ್ಣು, ಆರಿಸಿಕೊಡುವ ಚಿತ್ರ, ವರ್ಷವಿಡೀ ಕೂಡಿಟ್ಟ ಕೆಲಸದ ಮಾದರಿ ಇವೇ ಉತ್ತರಗಳು. ಉತ್ತರ ಬರೆಯುವುದು ಹೇಗೆ ಎಂಬುದನ್ನಷ್ಟೇ ರಿಯಾಯಿತಿ ಬದಲಿಸುತ್ತದೆ, ಪರ್ಯಾಯ ಮೌಲ್ಯಮಾಪನ ಕೇಳುವುದನ್ನೇ ಬದಲಿಸುತ್ತದೆ. ಹಾಗಾಗಿ ಕೇಳುವವರ ಮೇಲಿನ ಹೊಣೆ ಇಲ್ಲಿ ಬಹಳ ದೊಡ್ಡದು.

ಮರಾಠವಾಡದ ಗಡಿ ತಾಲೂಕುಗಳಲ್ಲಿ ಈ ಹೊಣೆಗೆ ಇನ್ನೊಂದು ಭಾರ ಸೇರಿಕೊಂಡಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ ಪಟ್ಟಣ ಮೈಸೂರಿಗೆ ಬಂತು. 1960ರ ಮೇ 1ರಿಂದ ಈ ಸೀಮೆ ಮಹಾರಾಷ್ಟ್ರದಲ್ಲಿದೆ. 1982ರಲ್ಲಿ ಲಾತೂರು ಜಿಲ್ಲೆಯಾದಾಗ ನಿಲಂಗಾ, ಉದಗೀರ ಅದರೊಳಗೆ ಬಂದವು. ಉಮರ್ಗಾ ಈಗ ಧಾರಾಶಿವ ಎನಿಸಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲೇ ಉಳಿಯಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಮೂರೂ ತಾಲೂಕುಗಳು ಲಾತೂರಿನ ವಿಭಾಗೀಯ ಮಂಡಳಿಗೆ ಸೇರಿವೆ. ಗೆರೆ ಎಳೆದ ಮಾತ್ರಕ್ಕೆ ಮಾತು ಬದಲಾಗಲಿಲ್ಲ. ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಯ ನೆಂಟಸ್ತನ, ಸಂತೆ, ಜಾತ್ರೆಗಳೊಂದಿಗೆ ಕನ್ನಡ ಈ ಊರುಗಳ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಮರಾಠಿ, ದಖನಿ ಉರ್ದು, ಲಂಬಾಣಿ ಅದರ ಪಕ್ಕದ ಮನೆಯಲ್ಲಿವೆ. ಶಾಲೆ ಮಾತ್ರ ಬಹುಪಾಲು ಮರಾಠಿ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆ. ಇಲ್ಲಿನ ಸಾಮಾನ್ಯ ಮಗು ಆಟದ ಬಯಲಲ್ಲೇ ಮರಾಠಿ ಹಿಡಿದುಬಿಡುತ್ತದೆ. ತೀವ್ರ ಬೌದ್ಧಿಕ ಅಸಾಮರ್ಥ್ಯವಿರುವ ಮಗು ಹಾಗೆ ಹಿಡಿಯಲಾರದು, ಏಕೆಂದರೆ ಕೇಳಿದ್ದನ್ನು ಒಂದು ಸನ್ನಿವೇಶದಿಂದ ಇನ್ನೊಂದಕ್ಕೆ ಒಯ್ಯುವುದೇ ಅದಕ್ಕೆ ಕಷ್ಟ. ಅದಕ್ಕೆ ಅರ್ಥವಾಗುವುದು ಅವ್ವ ಅಡಿಗೆಮನೆಯಲ್ಲಿ ದಿನವೂ ಹೇಳುವ ಕೆಲವೇ ಮಾತು. ಅಳತೆ ಆ ಮಾತಿನಲ್ಲಿ ನಡೆಯದಿದ್ದರೆ ಬರುವ ಅಂಕ ಮಗುವಿನದಲ್ಲ ಎಂಬುದೇ ಈ ಲೇಖನದ ವಾದ.

ಭಾರತದ ವಿಶೇಷ ಶಿಕ್ಷಕರು ಬಳಸುವ ಸಾಧನಗಳು ತಕ್ಕಮಟ್ಟಿಗೆ ಹಳೆಯವು, ಚೆನ್ನಾಗಿ ಪಳಗಿದವು. 1970ರ ದಶಕದಲ್ಲಿ ಮದರಾಸಿನಲ್ಲಿ ಜಯಚಂದ್ರನ್ ಮತ್ತು ವಿಮಲಾ ರೂಪಿಸಿದ ಪಟ್ಟಿಯಲ್ಲಿ 18 ವಿಭಾಗ, ಒಂದೊಂದರಲ್ಲಿ 20ರಂತೆ 360 ಕೌಶಲಗಳಿವೆ. ಬೌದ್ಧಿಕ ಅಸಾಮರ್ಥ್ಯಕ್ಕೆ ಮೀಸಲಾದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 1984ರಲ್ಲಿ ಶುರುವಾಯಿತು. ಅಲ್ಲಿಂದ 1992ರಲ್ಲಿ ಪೇಶಾವರಿಯಾ ಮತ್ತು ವೆಂಕಟೇಶನ್ ಅವರ 'ಬೇಸಿಕ್ ಎಂಆರ್' ಎಂಬ ಪಟ್ಟಿ ಬಂತು. ಅದರ ಮೊದಲ ಭಾಗದಲ್ಲಿ 7 ವಿಭಾಗಗಳ 280 ಅಂಶಗಳಿವೆ. ಅದೇ ಸಂಸ್ಥೆಯ ಇನ್ನೊಂದು ತಪಶೀಲು ಪಟ್ಟಿ ಪೂರ್ವ ಪ್ರಾಥಮಿಕದಿಂದ ವೃತ್ತಿಪೂರ್ವ ಹಂತದವರೆಗೆ ಮಕ್ಕಳನ್ನು ಹಂತಹಂತವಾಗಿ ನೋಡುತ್ತದೆ, ಒಂದು ಹಂತದಲ್ಲಿ ಶೇ. 80ರಷ್ಟು ಸಾಧಿಸಿದ ಮಗುವನ್ನು ಮುಂದಿನ ಹಂತಕ್ಕೆ ಏರಿಸುತ್ತದೆ. ಇವುಗಳ ಜೀವಾಳ ಅಂಕ ಕೊಡುವ ರೀತಿಯಲ್ಲಿದೆ. ಬೇಸಿಕ್ ಎಂಆರ್‌ನಲ್ಲಿ ಮಗು ತಾನಾಗಿ ಮಾಡಿದರೆ 5, ಸುಳಿವು ಕೊಟ್ಟಾಗ ಮಾಡಿದರೆ 4, ಬಾಯಿಮಾತಿನಲ್ಲಿ ಹೇಳಿಕೊಟ್ಟಾಗ ಮಾಡಿದರೆ 3, ಕೈಹಿಡಿದು ಮಾಡಿಸಬೇಕಾದರೆ 2, ಪೂರ್ತಿ ಬೇರೆಯವರೇ ಮಾಡಿಕೊಡಬೇಕಾದರೆ 1. ಮಗು ಮಾಡಿದ್ದು ತಪ್ಪೋ ಸರಿಯೋ ಎಂದು ಕೇಳದೆ, ಎಷ್ಟು ನೆರವಿನಿಂದ ಮಾಡಿತು ಎಂದು ಕೇಳುವ ಕ್ರಮವಿದು. ಆರು ತಿಂಗಳಲ್ಲಿ 2ರಿಂದ 3ಕ್ಕೆ ಬಂದ ಮಗು ನಿಜಕ್ಕೂ ಕಲಿತಿದೆ. ಸಾಮಾನ್ಯ ಪರೀಕ್ಷೆಯಲ್ಲಿ ಆ ಕಲಿಕೆ ಸೊನ್ನೆಯಾಗಿಯೇ ಕಾಣುತ್ತಿತ್ತು.

ಈ ಕ್ರಮದೊಳಗೆ ಭಾಷೆ ಎಲ್ಲಿ ಕೈಹಾಕುತ್ತದೆ ಎಂದು ಹತ್ತಿರದಿಂದ ನೋಡಬೇಕು. ನಾಲ್ಕು ಬಟ್ಟಲು, ನಾಲ್ಕು ತುಂಡು ಜೋಳದ ರೊಟ್ಟಿ ಮುಂದಿಟ್ಟು, ಒಂದೊಂದು ಬಟ್ಟಲಿಗೆ ಒಂದೊಂದು ತುಂಡು ಹಾಕು ಎಂದು ಶಿಕ್ಷಕಿ ಹೇಳುತ್ತಾರೆ ಎನ್ನಿ. ಒಂದಕ್ಕೆ ಒಂದು ಹೊಂದಿಸುವುದು ಎಣಿಕೆಯ ಮೊದಲ ಮೆಟ್ಟಿಲು. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಬಡಿಸಿ ಅಭ್ಯಾಸವಿರುವ ಮಗು ಕನ್ನಡದಲ್ಲಿ ಹೇಳಿದರೆ ಇದನ್ನು ತಾನಾಗಿ ಮಾಡಬಹುದು. ಅದೇ ಸೂಚನೆ ಮರಾಠಿಯಲ್ಲಿ ಬಂದರೆ ಮಗು ಶಿಕ್ಷಕಿಯ ಮುಖ ನೋಡುತ್ತ ಕೂರುತ್ತದೆ. ಸೂಚನೆಯನ್ನು ಮತ್ತೆ ಹೇಳಿದರೂ ಅದು ಅದೇ ಮರಾಠಿ, ಆದ್ದರಿಂದ ಬಾಯಿಮಾತಿನ ನೆರವೂ ನೆರವಾಗುವುದಿಲ್ಲ. ಕೊನೆಗೆ ಕೈಹಿಡಿದು ಮಾಡಿಸಬೇಕಾಗುತ್ತದೆ, 5 ಬರಬೇಕಾದಲ್ಲಿ 2 ದಾಖಲಾಗುತ್ತದೆ. ಬೇಸಿಕ್ ಎಂಆರ್‌ನ ಏಳು ವಿಭಾಗಗಳಲ್ಲಿ ಒಂದೊಂದಕ್ಕೆ 40 ಅಂಶ. ಒಂದೇ ವಿಭಾಗದಲ್ಲಿ ಹೀಗೆ ಮೂರು ಮೂರು ಅಂಕ ಹೋದರೂ 200ರಲ್ಲಿ 120 ಕಳೆದುಹೋದಂತೆ. ಆ ಪಟ್ಟಿಯನ್ನು ಓದುವವರಿಗೆ ಕಾಣುವುದು ಕೈಹಿಡಿದೇ ನಡೆಸಬೇಕಾದ ಮಗು. ಮುಂದಿನ ವರ್ಷದ ಪಾಠವೂ ಅದಕ್ಕೆ ತಕ್ಕಂತೆ ಕೆಳಗಿಳಿಯುತ್ತದೆ, ಮಗು ಈಗಾಗಲೇ ಬಲ್ಲದ್ದನ್ನೇ ಮತ್ತೆ ಕಲಿಸಲಾಗುತ್ತದೆ. ಕನ್ನಡ, ಮರಾಠಿ ನಾಡುಗಳ ಇತಿಹಾಸದಲ್ಲಿ ಇದಕ್ಕೆ ಉತ್ತರವೂ ಇದೆ. ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಮಕ್ಕಳಿಗೆ ಒಗ್ಗಿಸಿದಾಗ ಮರಾಠಿ ಮತ್ತು ಕನ್ನಡ ಎರಡರಲ್ಲೂ ಸಿದ್ಧಪಡಿಸಿದರು. ಎರಡು ಭಾಷೆಯ ಮಕ್ಕಳನ್ನು ಒಂದೇ ಭಾಷೆಯಲ್ಲಿ ಅಳೆಯಬಾರದೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸತಲ್ಲ.

ಕಾನೂನು ಇಂಥ ಮಗುವಿನ ಪರವಾಗಿ ಸಾಕಷ್ಟು ಹೇಳಿದೆ, ಆದರೆ ಗಡಿಭಾಗದ ಮಗುವಿಗೆ ಬೇಕಾದ ಒಂದನ್ನು, ಅಂದರೆ ಯಾವ ಭಾಷೆಯಲ್ಲಿ ಅಳೆಯಬೇಕು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಬೋಧನೆ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲಿರಲಿ, ಮೌಲ್ಯಮಾಪನ ಸಮಗ್ರವಾಗಿ ನಿರಂತರವಾಗಿ ನಡೆಯಲಿ ಎನ್ನುತ್ತದೆ. 2012ರ ತಿದ್ದುಪಡಿ ತೀವ್ರ ಅಂಗವೈಕಲ್ಯದ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಪಠ್ಯಕ್ರಮ, ಪರೀಕ್ಷಾಕ್ರಮಗಳನ್ನು ತಕ್ಕಂತೆ ಮಾರ್ಪಡಿಸಬೇಕೆಂದು 17ನೆಯ ಕಲಮಿನಲ್ಲಿ ಸೇರಿಸಿ, ಹೆಚ್ಚುವರಿ ಸಮಯ, ಬರೆಯುವವರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವನ್ನು ಉದಾಹರಣೆಯಾಗಿ ಹೆಸರಿಸಿತು. ತೊಡಕು ಇರುವುದು ಈ ಕೊನೆಯ ವಿನಾಯಿತಿಯಲ್ಲೇ. ಮರಾಠಿ ಮನೆಯ ಮಗು ಮರಾಠಿ ಶಾಲೆಯಲ್ಲಿದ್ದರೆ ಹಿಂದಿ, ಇಂಗ್ಲಿಷ್ ಬಿಟ್ಟಮೇಲೆ ಅದಕ್ಕೆ ಉಳಿಯುವುದು ತನ್ನದೇ ಭಾಷೆ. ಉಮರ್ಗಾದ ಕನ್ನಡ ಮನೆಯ ಮಗುವಿಗೆ ಅದೇ ವಿನಾಯಿತಿ ಕೊಟ್ಟರೂ ಉಳಿಯುವುದು ಪ್ರಥಮ ಭಾಷೆಯಾದ ಮರಾಠಿ, ಅಂದರೆ ಅದರ ಪಾಲಿನ ಪರಭಾಷೆ. ಮಹಾರಾಷ್ಟ್ರದ 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಒಂದರಿಂದ ಹತ್ತರವರೆಗೆ ಮರಾಠಿ ಕಡ್ಡಾಯವಾಗಿದೆ. ಹೀಗೆ ಒಂದೇ ರಿಯಾಯಿತಿ ಒಂದು ಮನೆಗೆ ಪೂರ್ತಿ ತಲುಪಿ, ಪಕ್ಕದ ಮನೆಗೆ ಅರ್ಧವೂ ತಲುಪುವುದಿಲ್ಲ.

ಮನೆಮಾತಿನಲ್ಲೇ ಅಳೆಯಬೇಕೆಂಬ ವಾದಕ್ಕೆ ಶಿಕ್ಷಕರಿಂದಲೂ ಪಾಲಕರಿಂದಲೂ ಬರುವ ಮೊದಲ ಆಕ್ಷೇಪ ಸದುದ್ದೇಶದ್ದೇ. ಮಗು ಬಾಳಬೇಕಾದದ್ದು ಮಹಾರಾಷ್ಟ್ರದಲ್ಲಿ, ದವಾಖಾನೆ, ಬಸ್ಸು, ಕಚೇರಿ ಎಲ್ಲ ಮರಾಠಿಯಲ್ಲಿ. ಒಂದೇ ಭಾಷೆಗೆ ಒದ್ದಾಡುವ ಮಗುವಿನ ತಲೆಗೆ ಎರಡು ಭಾಷೆ ತುಂಬಿದರೆ ಎರಡೂ ಕೆಡುತ್ತವೆ ಎನ್ನುತ್ತಾರೆ. ಈ ಭಯಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಕೆನಡಾದಲ್ಲಿ ಕೇ-ರೈನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೌನ್ ಸಿಂಡ್ರೋಮ್ ಇರುವ ದ್ವಿಭಾಷಿ ಮಕ್ಕಳು, ಅದೇ ಮಟ್ಟದ ಏಕಭಾಷಿ ಮಕ್ಕಳಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬೀಳಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಲಿಸುವ ಭಾಷೆ ಮತ್ತು ಅಳೆಯುವ ಭಾಷೆ ಬೇರೆ ಬೇರೆ ಪ್ರಶ್ನೆಗಳು. ಮಗುವಿಗೆ ಮರಾಠಿ ಕಲಿಸಬೇಕು, ಮರಾಠಿ ಎಷ್ಟು ಬಂದಿದೆ ಎಂದು ಬೇರೆಯಾಗಿ ನೋಡಲೂಬೇಕು. ಆದರೆ ಹಲ್ಲುಜ್ಜುವುದು, ಗುಂಡಿ ಹಾಕಿಕೊಳ್ಳುವುದು, ದುಡ್ಡು ಗುರುತಿಸುವುದು, ಎಣಿಸುವುದು ಇವು ಬರುತ್ತವೆಯೇ ಎಂದು ನೋಡುವಾಗ ಮರಾಠಿಯನ್ನು ದಾರಿಗೆ ಅಡ್ಡ ಹಾಕಬಾರದು. ಮಾತೇ ಬಾರದ ಮಗುವಿಗೆ ಭಾಷೆಯ ಹಂಗೇಕೆ ಎಂದೂ ಕೇಳುವವರಿದ್ದಾರೆ. ಆಡಲಾಗದ ಮಗು ಕೇಳಿಸಿಕೊಳ್ಳುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ ನಾಲಿಗೆ ಹೊರಳದ ಮಗು ಅವ್ವ ಹೇಳಿದ್ದನ್ನೆಲ್ಲ ಗ್ರಹಿಸುವುದುಂಟು. ಅಂಥ ಮಗುವಿನ ಮಟ್ಟಿಗೆ ಅಳತೆ ನಿಂತಿರುವುದು ಅರ್ಥವಾಗುವ ಮಾತಿನಲ್ಲಿ ಪ್ರಶ್ನೆ ಕೇಳುವುದರ ಮೇಲೆಯೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಶಿಕ್ಷಕರೇ ಕಲಿಸಿ, ಶಿಕ್ಷಕರೇ ನೋಡಿ, ಶಿಕ್ಷಕರೇ ಅಂಕ ಕೊಟ್ಟರೆ, ಅದರ ಮೇಲೆ ಮನೆಮಾತಿನ ಸಡಿಲವೂ ಸೇರಿದರೆ, ಈ ಅಂಕಕ್ಕೆ ಬೆಲೆಯೇನು ಎಂಬ ಪ್ರಶ್ನೆ. ಅಮೆರಿಕದ ಅನುಭವ ಇದನ್ನು ಹಗುರವಾಗಿ ತಳ್ಳಿಹಾಕಲು ಬಿಡುವುದಿಲ್ಲ. ಅಲ್ಲಿ ಕೆಂಟಕಿ ರಾಜ್ಯ 1990ರ ದಶಕದ ಆರಂಭದಲ್ಲೇ ಮಕ್ಕಳ ಕೆಲಸದ ಕಡತಗಳನ್ನು ಆಧರಿಸಿ ಪರ್ಯಾಯ ಮೌಲ್ಯಮಾಪನ ನಡೆಸಿತು. 1997ರ ಒಕ್ಕೂಟ ಕಾಯ್ದೆ ಎಲ್ಲ ರಾಜ್ಯಗಳೂ 2000ದ ಜುಲೈ ಒಳಗೆ ಇಂಥ ವ್ಯವಸ್ಥೆ ಮಾಡಬೇಕೆಂದಿತು. ಕಡತಗಳು ಮಗುವಿನ ಕಲಿಕೆಗಿಂತ ಕಡತ ಕಟ್ಟಿದ ಶಿಕ್ಷಕರ ಶ್ರಮವನ್ನೇ ಹೆಚ್ಚು ತೋರಿಸುತ್ತವೆ ಎಂಬ ಟೀಕೆ ಬೇಗನೆ ಬಂತು. ಕಷ್ಟದ ಮಕ್ಕಳನ್ನೆಲ್ಲ ಈ ದಾರಿಗೆ ದೂಡಿ ಶಾಲೆಯ ಸರಾಸರಿ ಉಳಿಸಿಕೊಳ್ಳುವ ಅಪಾಯವೂ ಇತ್ತು. ಅದಕ್ಕಾಗಿ 2015ರ ಕಾಯ್ದೆ ರಾಜ್ಯದಲ್ಲಿ ಪರೀಕ್ಷೆಗೆ ಕೂರುವ ಮಕ್ಕಳಲ್ಲಿ ಶೇ. 1ಕ್ಕಿಂತ ಹೆಚ್ಚಿನವರು ಪರ್ಯಾಯ ಮೌಲ್ಯಮಾಪನಕ್ಕೆ ಹೋಗದಂತೆ ಮಿತಿ ಹಾಕಿತು. ನೆಪಮಾತ್ರದ ಪ್ರಗತಿ ಸಾಲದು ಎಂದು ಅಲ್ಲಿನ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಇವೆಲ್ಲ ನಮಗೂ ಸಲ್ಲುವ ಪಾಠಗಳೇ. ಆದರೆ ಅವು ಮನೆಮಾತನ್ನು ಬಿಡಲು ಕಾರಣವಾಗುವುದಿಲ್ಲ, ದಾಖಲೆಯನ್ನು ಬಿಗಿ ಮಾಡಲು ಕಾರಣವಾಗುತ್ತವೆ. ಒಂದೇ ಕೆಲಸವನ್ನು ಇಬ್ಬರು ಬೇರೆ ಬೇರೆ ದಿನ ನೋಡಿ ಅಂಕ ಹಾಕಲಿ, ಕೊಟ್ಟ ಪ್ರತಿ ನೆರವೂ ಬರಹದಲ್ಲಿರಲಿ, ಬಿಡಿ ದೃಶ್ಯಗಳನ್ನು ಮೊಬೈಲಿನಲ್ಲಿ ಪಾಲಕರ ಒಪ್ಪಿಗೆಯಿಂದ ಉಳಿಸಿಕೊಳ್ಳಲಿ. ಅರ್ಥವಾಗದ ಭಾಷೆಯಲ್ಲಿ ಎಷ್ಟೇ ಕಟ್ಟುನಿಟ್ಟಾಗಿ ಅಳೆದರೂ ಆ ಕಟ್ಟುನಿಟ್ಟು ತಪ್ಪು ಅಂಕವನ್ನೇ ಪದೇ ಪದೇ ಕೊಡುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇಕಡಾವಾರು ಇದೆಯಲ್ಲ, ಇನ್ನೊಂದು ಅಳತೆ ಯಾಕೆ ಎಂಬ ಮಾತಿಗೆ ಉತ್ತರ ಚಿಕ್ಕದು. ಆ ಪ್ರಮಾಣ ಪಿಂಚಣಿ, ಪಾಸು, ಸವಲತ್ತುಗಳಿಗೆ. ಕಲಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಶೇ. 75 ಎಂದು ಬರೆಸಿಕೊಂಡ ಇಬ್ಬರು ಮಕ್ಕಳಲ್ಲಿ ಒಬ್ಬ ಅಂಗಡಿಗೆ ಹೋಗಿ ಸಾಮಾನು ತರಬಲ್ಲ, ಇನ್ನೊಬ್ಬಳಿಗೆ ಊಟ ಮಾಡಿಸಬೇಕಾಗಬಹುದು.

ಜನ ಎಲ್ಲಿದ್ದಾರೆ ಎಂಬ ಪ್ರಶ್ನೆ ಮಾತ್ರ ನಿಜವಾದ ತೊಡಕು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಮುಂದಿಟ್ಟಿತು. ತಾಲೂಕಿನ ಸಂಪನ್ಮೂಲ ಕೇಂದ್ರದಿಂದ ಊರೂರು ಸುತ್ತುವ ಶಿಕ್ಷಕರ ಕೆಲಸ ಈ ಪ್ರಮಾಣಕ್ಕೆ ಹೊಂದುವುದಿಲ್ಲ. ಅವರಲ್ಲಿ ಕನ್ನಡ ಬಲ್ಲವರೇ ಬೇಕೆಂದರೆ ಹುಡುಕಾಟ ಇನ್ನೂ ಕಷ್ಟ. ಜೊತೆಗೆ ಮಹಾರಾಷ್ಟ್ರದಲ್ಲಿ ಸಾಮಾನ್ಯ ಶಾಲೆಯ ವಿಶೇಷ ಮಕ್ಕಳು ಶಿಕ್ಷಣ ಇಲಾಖೆಯ ಸಮಗ್ರ ಶಿಕ್ಷಾ ಯೋಜನೆಗೆ ಸೇರುತ್ತಾರೆ, ವಿಶೇಷ ಶಾಲೆಗಳು 2022ರ ಡಿಸೆಂಬರಿನಲ್ಲಿ ಹುಟ್ಟಿದ ದಿವ್ಯಾಂಗ ಕಲ್ಯಾಣ ಇಲಾಖೆಗೆ. ಮಗು ಒಂದರಿಂದ ಇನ್ನೊಂದಕ್ಕೆ ಹೋದಾಗ ಅದರ ದಾಖಲೆಯೂ ಜೊತೆಯಲ್ಲಿ ಹೋಗಬೇಕು. ಆದರೂ ಕನ್ನಡದಲ್ಲಿ ಅಳೆಯಲು ಕನ್ನಡ ಪದವೀಧರರೇ ಬೇಕಿಲ್ಲ. ಮನೆಯಲ್ಲೇ ಕಲಿಯುವ ಮಗುವಿನ ಬಳಿ ಅವ್ವನೋ ಅಜ್ಜಿಯೋ ಇರುತ್ತಾರೆ. ಸೂಚನೆ ಅವರ ಬಾಯಿಂದ ಬರಲಿ, ನೋಡಿ ಅಂಕ ಬರೆಯುವುದು ಶಿಕ್ಷಕರ ಕೈಯಲ್ಲಿರಲಿ. ನಡುವೆ ಸನ್ನೆ ಮಾಡಿ ನೆರವಾಗಬಾರದೆಂದು ಮೊದಲೇ ಹೇಳಿಕೊಟ್ಟರೆ ಸಾಕು. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಕನ್ನಡದ ಭಾಷಾ ಪರೀಕ್ಷೆಗಳನ್ನು ರೂಪಿಸಿದೆ, ಗಡಿಯಾಚೆ ಬೀದರ, ಕಲಬುರಗಿ ಜಿಲ್ಲೆಗಳ ವಿಶೇಷ ಶಿಕ್ಷಕರು ಇದೇ ಬಗೆಯ ಪಟ್ಟಿಗಳನ್ನು ಈ ಸೀಮೆಯ ಕನ್ನಡದಲ್ಲೇ ನಡೆಸುತ್ತಾರೆ. ಅವರಿಂದ ಸೂಚನೆಗಳ ಧ್ವನಿಮುದ್ರಣ ಪಡೆಯಲು ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಲಾತೂರು ಮತ್ತು ಧಾರಾಶಿವ ಜಿಲ್ಲಾ ಪರಿಷತ್ತುಗಳು ಬರುವ ಶೈಕ್ಷಣಿಕ ವರ್ಷದ ಮೊದಲ ಮೌಲ್ಯಮಾಪನಕ್ಕೆ ಮುಂಚೆಯೇ ಪ್ರತಿ ಮಗುವಿನ ನಮೂನೆಯಲ್ಲಿ ಎರಡು ಅಂಕಣ ಸೇರಿಸಲಿ: ಮನೆಯಲ್ಲಿ ಆಡುವ ಭಾಷೆ ಯಾವುದು, ಸೂಚನೆ ಕೊಟ್ಟದ್ದು ಯಾವ ಭಾಷೆಯಲ್ಲಿ. ಎರಡೂ ಬೇರೆಯಾಗಿದ್ದರೆ ಆ ಅಂಕವನ್ನು ಅಂತಿಮ ಎಂದು ಒಪ್ಪದೆ ಮರುಪರಿಶೀಲನೆಗೆ ಕಳಿಸಲಿ.