ಒಂದು ಆಯುಷ್ಯ, ಎರಡು ಅಣೆಕಟ್ಟು

ಸಾಗರ ತಾಲ್ಲೂಕಿನ ತುಮರಿ ಸೀಮೆಯಲ್ಲಿ 1940ರ ಸುಮಾರಿಗೆ ಹುಟ್ಟಿದ ಒಬ್ಬ ಗೇಣಿ ರೈತನ ಮಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಬೇಡ; ಅಂಥವರು ಅಲ್ಲಿ ಮನೆಗೊಬ್ಬರಿದ್ದರು. ಅವನು ತೊಟ್ಟಿಲಲ್ಲಿದ್ದಾಗ ಮಡೆನೂರಿನಲ್ಲಿ ಶರಾವತಿಗೆ ಅಡ್ಡವಾಗಿ ಹಿರೇಭಾಸ್ಕರ ಅಣೆಕಟ್ಟು ಏಳುತ್ತಿತ್ತು. ಜಲಾಶಯ ತುಂಬಿದೊಡನೆ ತಾನಾಗಿ ನೀರೆಳೆದು ಹೊರಚೆಲ್ಲುವ, ಎಂಜಿನಿಯರ್ ಗಣೇಶ ಅಯ್ಯರ್ ಅವರ ಸೈಫನ್ನುಗಳು ಅದರ ಹೆಗ್ಗಳಿಕೆ. ಆ ನೀರಿನ ಬಲದಿಂದ 1948ರಲ್ಲಿ ಜೋಗದಿಂದ ಕರೆಂಟು ಹೊರಟಿತು. ಹುಡುಗನ ಮನೆಯಲ್ಲಿ ಬುಡ್ಡಿದೀಪವೇ ಉಳಿಯಿತು.

ಅವನಿಗೆ ಹನ್ನೊಂದಾಗುವ ಹೊತ್ತಿಗೆ, 1951ರ ಏಪ್ರಿಲ್‌ನಲ್ಲಿ, ಅದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳದ ಬೀಜ ಒಂದು ಕೊಳಗ. ಗೇಣಿ ಭತ್ತ ಅಳೆಯಲು ಒಡೆಯರು ತರುವ ಕೊಳಗ ವಾಡಿಕೆಯದ್ದಕ್ಕಿಂತ ದೊಡ್ಡದು ಎಂಬುದು ದೀವರ ಸಮುದಾಯದ ರೈತರ ತಕರಾರು. ಆ ರೈತರನ್ನು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪ. ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಮರುವರ್ಷ ಶಾಸಕರಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಮಲೆನಾಡಿನ ಅಂಗಳಗಳಿಗೆ ಇಳಿದದ್ದು ಹೀಗೆ.

ಹೊಲ ಕೈಗೆ ಬರುವ ಮೊದಲೇ ನೀರು ಬಂತು.

1964ರಲ್ಲಿ ಅದೇ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು: 2.7 ಕಿಲೋಮೀಟರ್ ಉದ್ದದ ಕಟ್ಟೆ, ಸುಮಾರು 151 ಟಿಎಂಸಿ ನೀರು. ಗದ್ದೆ, ಅಡಿಕೆ ತೋಟ, ದೇವಸ್ಥಾನ ಮುಳುಗಿದ್ದಿರಲಿ, ಹದಿನಾರೇ ವರ್ಷದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು! ಅಣೆಕಟ್ಟನ್ನು ಅಣೆಕಟ್ಟೇ ನುಂಗಿದ ಉದಾಹರಣೆ ಹೆಚ್ಚಿಲ್ಲ. ಎಷ್ಟೋ ಕುಟುಂಬಗಳನ್ನು ಲಾರಿಗಳಲ್ಲಿ ದೂರದ ಕಾಡಿಗೆ ಸಾಗಿಸಿದರು. ಅವರ ಹಕ್ಕುಪತ್ರದ ಗೋಜಲು ಮೊಮ್ಮಕ್ಕಳ ಕಾಲಕ್ಕೂ ಬಿಡಿಸಿಕೊಂಡಿಲ್ಲ. ಉಳುವವನಿಗೆ ಹೊಲ ಕೊಟ್ಟ ದೇವರಾಜ ಅರಸರ ಭೂಸುಧಾರಣೆ ಬಂದದ್ದು 1974ರಲ್ಲಿ. ನಮ್ಮ ರೈತ ಉತ್ತಿದ್ದ ಗದ್ದೆ ತಗ್ಗಿನಲ್ಲಿದ್ದರೆ, ಆಗ ಅದು ನೀರಡಿಯಾಗಿ ಹತ್ತು ವರ್ಷ.

ಊರು ಬಿಡದ ತುಮರಿಯವರು ಕುಳಿತಲ್ಲೇ ದ್ವೀಪದವರಾದರು. ಸಾಗರದ ಪೇಟೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಕತ್ತಲಾದರೆ ಲಾಂಚ್ ಇರಲಿಲ್ಲ. ಹೆರಿಗೆ ನೋವಿಗೆ ಹೊತ್ತುಗೊತ್ತು ಉಂಟೇ? ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಈ ಬದುಕನ್ನು ಕನ್ನಡಕ್ಕೆ ತಂದವರು ಶರಾವತಿ ಯೋಜನೆಯಲ್ಲೇ ಗುಮಾಸ್ತರಾಗಿದ್ದ ನಾ. ಡಿಸೋಜ, 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳಲ್ಲಿ. ಕಚೇರಿಯ ಕಡತಗಳಲ್ಲಿ ಸರ್ವೆ ನಂಬರುಗಳಾಗಿದ್ದವರು ಅಲ್ಲಿ ಮನುಷ್ಯರಾದರು.

2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ತೆರೆಯಿತು. ನಮ್ಮ ರೈತ ಬದುಕಿದ್ದರೆ ಅವನಿಗಾಗ ಎಂಬತ್ತೈದು. ಅರ್ಧರಾತ್ರಿಯಲ್ಲೂ ಹೊಳೆ ದಾಟಬಲ್ಲ. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವವರು ಸೇತುವೆಯ ಮೇಲೆ ಫೋಟೋ ತೆಗೆದುಕೊಳ್ಳಲಿ, ತಪ್ಪೇನಿಲ್ಲ. ಮಳೆ ಕೈಕೊಟ್ಟ ವರ್ಷ ಮೇ ತಿಂಗಳಲ್ಲಿ ಮಡೆನೂರಿನ ಕಡೆಗೂ ಹೋಗಿಬನ್ನಿ. ನೀರಿಳಿದಾಗ ಹಳೆಯ ಕಟ್ಟೆ ಮೇಲೇಳುತ್ತದೆ.